ಅಬೂ ಖಾಲಿದರ ದನಿಯಲ್ಲಿ ಹೋದ ಫೋನು

ಅಂದು ಮಧ್ಯಾಹ್ನ ಬಸಣ್ಣನಿಗೆ ಬಂದ ಫೋನು ಅಬೂ ಖಾಲಿದರದಲ್ಲ, ನನ್ನದು. ದನಿ ಅವರದು, ಬಾಯಿ ನನ್ನದು — ಆಮೇಲೆ ತೆರೆಯಲೇಬೇಕಾದ ಹೊತ್ತಿನಲ್ಲಿ ಆ ಬಾಯಿ ತೆರೆಯಲಿಲ್ಲ. ಏಳು ವರ್ಷದಿಂದ ಇದನ್ನು ಹೇಳಬೇಕೆಂದು ಒದ್ದಾಡುತ್ತಿದ್ದೆ... ಬೇಡ, ಇದೂ ಸುಳ್ಳೇ. ಆರು ವರ್ಷ ಹೇಳಬಾರದೆಂದೇ ಇದ್ದೆ. ಹೇಳಬೇಕು ಅನ್ನಿಸಿದ್ದು ಈ ವರ್ಷ.

ನಾನು ಶ್ರೀನಿವಾಸ, ಮೈಸೂರಿನವನು. ಕುವೈತಿನ ರಾಯ್‌ನ ವರ್ಕ್‌ಶಾಪುಗಳ ಸಾಲಿನಲ್ಲಿ ಎಲ್ಲರಿಗೂ ಶೀನ. ಹೆಸರಿಗೆ ಸ್ಟೋರ್‌ಕೀಪರ್, ನಿಜವಾದ ಕಸುಬು ಮಿಮಿಕ್ರಿ. ಯಾರ ನಡಿಗೆ, ಯಾರ ಸೀನು, ಯಾರು ಹೆಂಡತಿಗೆ ಫೋನಿನಲ್ಲಿ ಹೇಗೆ ಮೆತ್ತಗಾಗುತ್ತಾರೆ — ಯಾರನ್ನೂ ಬಿಟ್ಟವನಲ್ಲ. ಯಾರೂ ಸಿಗದಿದ್ದರೆ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ: ಮೂಗಿನಲ್ಲಿ ಹೊರಡುವ ದನಿ, ಬೈಸಿಕೊಳ್ಳುವಾಗ ಒಂದು ಕಡೆಗೆ ವಾಲುವ ತಲೆ. ಆಗ ನನಗೆ ಇಪ್ಪತ್ತೆರಡು.

೧೯೯೧ರಲ್ಲಿ ಯುದ್ಧ ಮುಗಿದ ಮೇಲೆ ವಿದೇಶಿ ಸೇನೆಯೊಂದು ರಾಯ್‌ನ ಒಂದು ದೊಡ್ಡ ಅಂಗಳದಲ್ಲಿ ಲಾರಿ ರಿಪೇರಿಯ ಕ್ಯಾಂಪು ಹಾಕಿತ್ತು. ದಾಳಿಯ ಕಾಲದಲ್ಲಿ ಊರಿಗೆ ಹೋಗಲಾಗದೆ ಉಳಿದವರು, ಎಲ್ಲರಿಗಿಂತ ಮೊದಲು ಮರಳಿ ಬಂದವರು — ಹೀಗೆ ಹನ್ನೆರಡು ಜನ ಅಲ್ಲಿ ಕೆಲಸಕ್ಕಿದ್ದೆವು. ನಮ್ಮ ಹಳೆಯ ಕಂಪನಿಗಳು ಯುದ್ಧದಲ್ಲಿ ಮುಚ್ಚಿಹೋಗಿದ್ದವು. ಗೇಟಿನೆದುರು ಮಂಗಳೂರಿನ ಮೊಯ್ದಿನಾಕನ ಚಹಾದಂಗಡಿ. ಆ ಕ್ಯಾಂಪೇ ನಮ್ಮ ಅನ್ನ, ಮೊಯ್ದಿನಾಕನ ಸಕ್ಕರೆ, ಎರಡು ಬೀದಿಗಳ ಜೀವ.

ಒಂದು ಬೆಳಿಗ್ಗೆ ಲಾರಿಗಳೆಲ್ಲ ಸಾಲಾಗಿ ಹೊರಟುಹೋದವು. ಖಲಾಸ್. ಉಳಿದದ್ದು ಎರಡು ತಗಡಿನ ಶೆಡ್ಡು, ಗಾಡಿಯಡಿ ಇಳಿದು ಕೆಲಸ ಮಾಡುವ ಗುಂಡಿ, ಕಾವಲಿನವನ ಗೂಡು, ಆಫೀಸಿನ ಕೋಣೆಯಲ್ಲಿ ಒಂದು ಫೋನು, ಎಣ್ಣೆ ಕುಡಿದು ಕಪ್ಪಾದ ಮರಳು. ಮೇಲೆ ಉರಿಯುವ ಎಣ್ಣೆಬಾವಿಗಳ ಹೊಗೆ. ಒಣಗಲು ಹಾಕಿದ ಬಿಳಿ ಬನಿಯನ್ ಸಂಜೆಗೆ ಬೂದಿ ಬಣ್ಣ.

ನಾವೆಲ್ಲ ಚಹಾದಂಗಡಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾಗ ತಗ್ಗಿಸದ ತಲೆ ಒಂದೇ — ನಮ್ಮ ಹೆಡ್ ಮೆಕ್ಯಾನಿಕ್ ಬಸಣ್ಣ, ಗದಗಿನವರು.

"ಊರಾಗ ಒಂದ ಗಾಡಿಗೆ ಟಾಯರ್ ಇಲ್ಲ, ಒಂದಕ್ಕ ಬ್ಯಾಟರಿ ಇಲ್ಲ. ದಾಳಿಗೆ ಬಂದವ್ರು ಎಲ್ಲಾ ಕಿತ್ಕೊಂಡ ಹೋಗ್ಯಾರ. ಇಲ್ಲಿ ಗುಂಡಿ ಐತಿ, ಶೆಡ್ ಐತಿ, ಹನ್ನೆರಡ ಮಂದಿ ಅದೀವಿ. ಇದು ಗ್ಯಾರೇಜ್ ಅಲ್ದ ಮತ್ತೇನಲೇ?"

"ಜಾಗ ಯಾರದು ಬಸಣ್ಣ, ನಿಮ್ಮ ಅಪ್ಪಂದಾ?" ಎಂದೆ ನಾನು.

"ನಮ್ಮಪ್ಪಂದಿದ್ರ ನಿನ್ನ ಒಳಗ ಬಿಡ್ತಿದ್ನೇನ?"

ಜಾಗ ಅಬೂ ಖಾಲಿದ್ ಎಂಬ ಕುವೈತಿಯದು. ದಾಳಿಯಾದಂದಿನಿಂದ ಅವರು ಬಹ್ರೇನ್‌ನಲ್ಲಿದ್ದರು. ಬಸಣ್ಣ ಫೋನಿನಲ್ಲಿ ಜಾಗ ಕೇಳಿದ್ದರು. ಯೋಚಿಸಿ ಹೇಳುತ್ತೇನೆ ಎಂದಿದ್ದರು. ಕಾಗದ ಗೀಗದ ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಒಡೆಯ ಫೋನಿನಲ್ಲಿ ಒಂದು 'ಯಲ್ಲಾ' — 'ನಡಿ, ಮಾಡು' — ಅಂದರೆ ಮುಗಿಯಿತು, ಅದೇ ಸಹಿ, ಅದೇ ಮೊಹರು.

ಅಷ್ಟರಲ್ಲಿ ಬಸಣ್ಣನಿಗೆ ಜಾಬ್ರಿಯಾದ ಆಸ್ಪತ್ರೆಯೊಂದರಿಂದ ಕರೆ ಬಂತು. ಜನರೇಟರ್ ನೋಡಿಕೊಳ್ಳುವ ಕೆಲಸ. ಅವರೇ ಹೊಸ ಇಕಾಮಾ ಮಾಡಿಸಿಕೊಡುತ್ತಾರೆ, ಅಂದರೆ ದೇಶದಲ್ಲಿ ಉಳಿಯಬಹುದು. ಗುರುವಾರ ಮಧ್ಯಾಹ್ನದೊಳಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು.

ನನ್ನಲ್ಲಿ ಆಗ ಹೊಸ ಸರಕೊಂದಿತ್ತು. ಕ್ಯಾಂಪಿನ ಆಫೀಸಿನಲ್ಲಿ ಫೋನೆತ್ತಿ ಎತ್ತಿ ಅರಬಿಯ ಜೊತೆಗೆ ಅಬೂ ಖಾಲಿದರ ದನಿಯನ್ನೂ ಕಲಿತುಬಿಟ್ಟಿದ್ದೆ — ಮೂರು ಸಲ ಗಂಟಲು ಸರಿಮಾಡಿ, 'ಶೂಫ್', ಅಂದರೆ 'ನೋಡು' ಎಂದು ಶುರು ಮಾಡುವುದು. ಯಾರಿಗೂ ಕೇಳಿಸಿರಲಿಲ್ಲ. ಗುರುವಾರ ಪಕ್ಕದ ಬೀದಿಯ ಅಂಗಡಿಯಿಂದ, ಬಸಣ್ಣ ಕಾದು ಕೂತಿದ್ದ ಆಫೀಸಿನ ನಂಬರ್ ತಿರುಗಿಸಿದೆ.

"ಶೂಫ್, ಬಸಪ್ಪಾ. ಜಾಗಾ ಲೇಲೋ. ಗ್ಯಾರೇಜ್ ಬನಾವ್. ಯಲ್ಲಾ."

ಇಟ್ಟುಬಿಟ್ಟೆ. ಹತ್ತು ನಿಮಿಷ ಕುಣಿಯಲಿ, ಆಮೇಲೆ ಹೋಗಿ ಅದೇ ದನಿಯಲ್ಲಿ ಚಹಾ ಕೇಳುತ್ತೇನೆ, ಬೆನ್ನಿಗೆರಡು ಗುದ್ದು ತಿನ್ನುತ್ತೇನೆ — ಇಷ್ಟೇ ನನ್ನ ಲೆಕ್ಕಾಚಾರ. ನಾನು ನಗು ತಡೆದುಕೊಂಡು ನಡೆದು ಬರುವಷ್ಟರಲ್ಲಿ ಬಸಣ್ಣ ಅದೇ ಫೋನಿನಲ್ಲಿ ಜಾಬ್ರಿಯಾಕ್ಕೆ ಬೇಡ ಎಂದು ಹೇಳಿ ಮುಗಿಸಿದ್ದರು. ಗೇಟು ಹಾರುಹೊಡೆದಿತ್ತು. ಹನ್ನೊಂದು ಜನ ಪೊರಕೆ, ಸಲಿಕೆ, ಸಿಕ್ಕಿದ್ದು ಹಿಡಿದು ಮರಳು ಗೋರುತ್ತಿದ್ದರು.

"ಲೇ ಶೀನ್ಯಾ, ಅಬೂ ಖಾಲಿದ್ ಯಲ್ಲಾ ಅಂದಾನಲೇ. ಬ್ರಷ್ ಹಿಡಿ, ಬೋರ್ಡ್ ಬರಿ."

ಹೇಳಬಹುದಿತ್ತು. ಆ ಕ್ಷಣದಲ್ಲಿ, ಆ ಬಿಸಿಲಿನಲ್ಲಿ... ಆದರೆ ಆ ಮುಖಗಳು — ತಿಂಗಳುಗಳ ನಂತರ ಮೊದಲ ಸಲ ಜನ ಓಡುತ್ತಿದ್ದರು, ನಡೆಯುತ್ತಿರಲಿಲ್ಲ. ನಾನು ಬ್ರಷ್ ಹಿಡಿದೆ.

ಮುಂದಿನ ಮೂರು ವಾರ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಬದುಕಿನ ಅತ್ಯಂತ ಸಂಭ್ರಮದ ದಿನಗಳು. ಮೊದಲ ದಿನ ಮೂರು ಕಾರು ಬಂದವು, ವಾರದೊಳಗೆ ಸಾಲು ಬೀದಿ ದಾಟಿತು. ದೂರದ ಫಿಂಟಾಸ್‌ನಿಂದಲೂ ಕಾರಿಗೆ ಹಗ್ಗ ಕಟ್ಟಿ ಎಳೆದು ತಂದರು. ಕಾವಲಿನವನ ಗೂಡಿನಲ್ಲಿ ಒಬ್ಬ ಕ್ಷೌರದಂಗಡಿ ತೆರೆದ. ಮೊಯ್ದಿನಾಕ ಪರೋಟ ಶುರು ಮಾಡಿದರು. ಗುಂಡಿಯೊಳಗಿಂದ ಬಸಣ್ಣನ ಹಾಡು, ಮೇಲಿಂದ ನನ್ನ ಅಣಕ. ಸೈನಿಕರು ಬಿಟ್ಟುಹೋದ ಅಂಗಳ ಜಾತ್ರೆಯಾಗಿತ್ತು. ಇಷ್ಟೆಲ್ಲ ಒಳ್ಳೆಯದಾದ ಮೇಲೆ ಫೋನು ಯಾರದಾದರೇನು ಎಂದು ನನಗೆ ನಾನೇ... ಹೌದು, ಹಾಗೆಯೇ ಸಮಾಧಾನ ಹೇಳಿಕೊಂಡೆ.

ಅಬೂ ಖಾಲಿದ್ ತಿಳಿಸದೆ ಬಂದರು. ಬೋರ್ಡ್ ನೋಡಿದರು, ಸಾಲು ನೋಡಿದರು, ಗಂಟಲು ಸರಿಮಾಡಿದರು. ಯಾರು ಒಪ್ಪಿಗೆ ಕೊಟ್ಟರು ಎಂದು ಕೇಳಿದರು. ನೀವೇ ಫೋನ್ ಮಾಡಿ ಕೊಟ್ಟಿರಿ ಎಂದರು ಬಸಣ್ಣ. ನಾನು ಮಾಡಲಿಲ್ಲ ಎಂದರು ಅವರು.

ಸ್ಪ್ಯಾನರುಗಳ ಸದ್ದು ಒಂದೊಂದಾಗಿ ನಿಂತಿತು.

"ಸುಳ್ಳು ಯಾಕೆ ಬಸಣ್ಣ?" ಮೊಯ್ದಿನಾಕ ಮೆಲ್ಲಗೆ ಅಂದರು. "ಸುಮ್ಮನೆ ಕರೆದಿದ್ದರೂ ನಾವು ಬರ್ತಿದ್ದೆವಲ್ಲ ಮಾರಾಯ್ರೆ."

ಬಸಣ್ಣ ನನ್ನ ಕಡೆ ತಿರುಗಿದರು. "ನೀ ಹೇಳಲೇ ಶೀನ್ಯಾ. ಫೋನ್ ಬಂದಿತ್ತಲ್ಲ?"

"ಆಗ ನಾನು ಇಲ್ಲಿರಲಿಲ್ಲ, ಬಸಣ್ಣ."

ಅಕ್ಷರ ಅಕ್ಷರವೂ ನಿಜ. ಇದಕ್ಕಿಂತ ಹೊಲಸಾದ ಮಾತನ್ನು ನಾನು ಈವರೆಗೆ ಆಡಿಲ್ಲ.

ಅಬೂ ಖಾಲಿದ್ ಕೆಟ್ಟವರಲ್ಲ. ಗ್ಯಾರೇಜು ಇರಲಿ, ಇಲ್ಲಿ ದುಡಿಯುವವರಿಗೆ ನಾನೇ ಕಫೀಲ್, ಇಕಾಮಾದ ಹೊಣೆ ನನ್ನದು ಎಂದರು. ಆದರೆ ನನ್ನ ಹೆಸರಿನಲ್ಲಿ ಸುಳ್ಳು ಹೇಳಿದವನು ಬೇಡ. ಮೇಲ್ವಿಚಾರಣೆಗೆ ಅರಬಿ ಬಲ್ಲವನೊಬ್ಬ ಬೇಕಿತ್ತು. ನನ್ನನ್ನು ಇಟ್ಟರು. ನಾನು ಒಪ್ಪಿದೆ.

ಜಾಬ್ರಿಯಾದ ಕೆಲಸಕ್ಕೆ ಬೇರೆಯವರು ಸೇರಿಯಾಗಿತ್ತು. ಬಸಣ್ಣನಿಗೆ ಊರಿನ ದಾರಿಯೊಂದೇ ಉಳಿಯಿತು. ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಇಳಿಯುವ ಮುಂಚೆ ಕೇಳಿದರು:

"ಎಲ್ಲಾರ ದನಿ ಮಾಡ್ತಿ. ಅಬೂ ಖಾಲಿದಂದು ಯಾಕ ಒಮ್ಮೆನೂ ಮಾಡೂದಿಲ್ಲಲೇ?"

"ಬರೋದಿಲ್ಲ ಬಸಣ್ಣ."

ಅವರು ತಲೆಯಾಡಿಸಿ ಚೀಲ ಎತ್ತಿಕೊಂಡರು. ಬೈದಿದ್ದರೆ... ಬೈಯಲಿಲ್ಲ.

ಈಗ ಅಂಗಳದಲ್ಲಿ ನಲವತ್ತು ಜನ ದುಡಿಯುತ್ತಾರೆ. ಹೊಸಬರಿಗೆ ಹಳೆಯ ಕಥೆ ಹೇಳುವಾಗ ಯಾರೋ ಒಬ್ಬರು, 'ಶುರು ಮಾಡಿದ್ದು ಗದಗಿನವನೊಬ್ಬ, ಕೆಲಸಗಾರ, ಆದರೆ ಬಾಯಿ ತೆಗೆದರೆ ಸುಳ್ಳು' ಅಂತ ಸೇರಿಸುತ್ತಾರೆ. ಮೊನ್ನೆ ಹೀಗೆ ಹೇಳಿದವನಿಗೆ ಇಪ್ಪತ್ತು ವರ್ಷ. ಅವನು ಬಸಣ್ಣನನ್ನು ನೋಡಿಯೇ ಇಲ್ಲ.

ಶುಕ್ರವಾರ ಊಟಕ್ಕೆ ಎಲ್ಲರೂ ಸೇರಿದ್ದಾಗ ಎದ್ದು ನಿಂತು ಹೇಳಿಬಿಟ್ಟೆ. ನಕ್ಕರು. ಶೀನನ ಹೊಸ ಐಟಂ ಎಂದುಕೊಂಡರು. ಒಬ್ಬ ಚಪ್ಪಾಳೆ ಕೂಡ ತಟ್ಟಿದ. ಮತ್ತೊಮ್ಮೆ ಹೇಳಿದೆ. ಮೂರನೆಯ ಸಲ ಹೇಳುವಾಗ ತಟ್ಟೆಗಳ ಸದ್ದೂ ಇರಲಿಲ್ಲ. ಮೊಯ್ದಿನಾಕ ಕೈ ತೊಳೆದು ಬಂದು ನನ್ನೆದುರು ನಿಂತರು.

"ಆ ದಿನ ಬಸಣ್ಣನಿಗೆ ಸುಳ್ಳುಗಾರ ಅಂತ ಹೇಳಿದ್ದು ನಾನೇ ಅಲ್ಲವಾ? ನೀವು ನನ್ನ ಬಾಯಿಂದ ಹೇಳಿಸಿದಿರಿ."

ಅಬೂ ಖಾಲಿದರಿಗೂ ಹೇಳಿದ್ದೇನೆ. ಮೇಲ್ವಿಚಾರಣೆ ಬಿಟ್ಟಿದ್ದೇನೆ, ಅದು ಎಂದೂ ನನ್ನದಾಗಿರಲಿಲ್ಲ.

ಬಸಣ್ಣ, ಈ ಕೆಲವು ಸಾಲು ನಿಮಗೆ. ಕ್ಷಮಿಸಿ ಎಂದು ಬರೆದು ಅಂಚೆಗೆ ಹಾಕಿ ಕೂರುವುದಿಲ್ಲ. ಮುಂದಿನ ತಿಂಗಳು ಗದಗಿಗೆ ಬರುತ್ತೇನೆ. ಸುಳ್ಳು ಹೇಳಿ ಕೆಲಸ ಕಳೆದುಕೊಂಡು ಬಂದ ಎಂದು ನಿಮ್ಮ ಓಣಿಯಲ್ಲಿ ಯಾರ್ಯಾರು ಅಂದರೋ ಅವರನ್ನೆಲ್ಲ ಕರೆಸಿಡಿ. ಮನೆಯವರನ್ನೂ. ನಡುಮಧ್ಯಾಹ್ನ, ಎಲ್ಲರಿಗೂ ಕಾಣುವ ಹಾಗೆ, ನಿಮ್ಮ ಬಾಗಿಲ ಹೊರಗೆ ನಿಂತು ಹೇಳುತ್ತೇನೆ. ಒಳಗೆ ಕರೆಯಬೇಡಿ.