ಪ್ರಸಾರವಾಗದ ಹತ್ತು ಕಂತುಗಳು

ಎಂಟು ವರ್ಷ ನಾನು ಒಬ್ಬ ಪುಟ್ಟ ಹುಡುಗಿಗೆ ಮಾತು ಬರೆದೆ. ಅವಳು ಕಾರ್ಟೂನಿನ ಹುಡುಗಿ. ತುಂಬಿದ ಬಸ್ಸನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದಳು, ಸೇತುವೆ ಕುಸಿದರೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು, ಹಲ್ಲಿ ಕಂಡರೆ ಮಾತ್ರ ಕಿರುಚಿಕೊಂಡು ಓಡುತ್ತಿದ್ದಳು. ಎಲ್ಲೋ ದೂರದ ದೇಶದಲ್ಲಿ, ಇನ್ನೂ ಸರಿಯಾಗಿ ಓದಲು ಬಾರದ ಮಕ್ಕಳಿಗೆಂದೇ ಮಾಡಿದ ಚಿತ್ರ ಅದು. ಇಂದಿರಾನಗರದ ಅಡ್ಡರಸ್ತೆಯೊಂದರ ಹಳೆಯ ಮನೆಗೆ ಬಂದು ಅವಳು ಕನ್ನಡ ಕಲಿಯುತ್ತಿದ್ದಳು. ಆ ಮನೆಯ ಮಹಡಿಯ ಮಲಗುವ ಕೋಣೆಯೇ ನಮ್ಮ ಸ್ಟುಡಿಯೋ. ಕಿಟಕಿಗೆ ಎರಡು ಪದರ ಹಾಸಿಗೆ ಬಡಿದಿದ್ದರೂ ಹೊರಗಿನ ಮರದಲ್ಲಿ ಕೋಗಿಲೆ ಕೂಗಿದರೆ ರೆಕಾರ್ಡಿಂಗ್ ನಿಲ್ಲಿಸಿ ಕಾಯಬೇಕಾಗುತ್ತಿತ್ತು.

ಚಿತ್ರದ ತುಟಿಗೆ ಕನ್ನಡವನ್ನು ಹೊಂದಿಸುವುದು ನನ್ನ ಕೆಲಸ. ಹುಡುಗಿ ಬಾಯಿ ಮುಚ್ಚುವ ಕಡೆ ಪ, ಬ, ಮ ಬರಬೇಕು. ಅವಳು ಮೊದಲೇ ತುಟಿ ಕೂಡಿಸಿಬಿಟ್ಟರೆ ‘ಹೆದರಬೇಡ’ ನಡೆಯುವುದಿಲ್ಲ, ‘ಭಯ ಬೇಡ’ ಎನ್ನಬೇಕು. ನಮ್ಮಪ್ಪ ಅಮ್ಮ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ನಾನು ಕೆ.ಆರ್. ಪುರದ ಬಾಡಿಗೆ ಕೋಣೆಗಳಲ್ಲಿ ಬೆಳೆದವಳು. ಬರೆಯುವ ಭರದಲ್ಲಿ ನಮ್ಮ ಕಡೆಯ ಮಾತು ನುಸುಳಿಬಿಡುತ್ತಿತ್ತು. ಆಗೆಲ್ಲ ಗಾಜಿನ ಆಚೆಯಿಂದ ಹೆಡ್‌ಫೋನ್ ಸರಿಸಿ ಒಬ್ಬಳು ನಗುತ್ತಿದ್ದಳು. “ಏನ್ ಮಾಡಾಕತ್ತಿ ಅಂತ ಬರ್ದಿದೀಯಲ್ಲೇ! ಇವ್ಳು ಬೆಂಗ್ಳೂರಿನ ಸೂಪರ್‌ಹೀರೋ ಕಣೆ, ನಿಮ್ಮೂರಿಗೆ ಯಾವಾಗ ಹೋಗಿದ್ಲು?”

ಕಾರ್ಟೂನಿನ ಹುಡುಗಿಗೆ ದನಿ ಕೊಡುತ್ತಿದ್ದವಳು ಅವಳೇ. ಪುಲಿಕೇಶಿನಗರದಲ್ಲಿ ಮಸೀದಿ ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಅವಳ ಮನೆ. ಮನೆಯೊಳಗೆ ದಖ್ಖನಿ ಉರ್ದು, ಎದುರು ಮನೆಯವರೊಂದಿಗೆ ತಮಿಳು, ಮೈಕಿನ ಮುಂದೆ ನನಗಿಂತ ಒಳ್ಳೆಯ ಕನ್ನಡ. ಗಂಡ ಶಿವಾಜಿನಗರದ ಅಂಗಡಿಯೊಂದರಲ್ಲಿ ಟೈಲರ್. ಮೂವತ್ತು ದಾಟಿದ ಹೆಂಗಸಿನ ಗಂಟಲಿನಿಂದ ಮಗುವಿನ ದನಿ ಹೊರಡುವುದನ್ನು ಮೊದಲ ದಿನ ಕೇಳಿ ನಾನು ಬೆಚ್ಚಿದ್ದೆ. ಎರಡನೆಯ ವರ್ಷ ಅವಳಿಗೆ ಮಗಳು ಹುಟ್ಟಿದಳು. ನಲವತ್ತು ದಿನ ಕಳೆದ ಮೇಲೆ ಬಂದವಳು ಎರಡು ಕಂತಿನ ನಡುವೆ ನನ್ನ ಕೋಣೆಗೆ ಬಂದು ಹಾಲು ಕುಡಿಸಿ ಹೋಗುತ್ತಿದ್ದಳು. ಅಷ್ಟರಲ್ಲಿ ನಾವು ಗೆಳತಿಯರಾಗಿದ್ದೆವು.

ಆ ಮಗು ದೊಡ್ಡದಾಗುತ್ತ ದಿನಾ ಸಂಜೆ ಐದಕ್ಕೆ ಟಿವಿ ಮುಂದೆ ಕೂರಲು ಕಲಿಯಿತು. ದನಿ ಅಮ್ಮನದೆಂದು ಅದಕ್ಕೆ ಗೊತ್ತಿತ್ತು. ಹಾಗೆಂದು ಅಮ್ಮನೇ ಆ ಹುಡುಗಿ ಎಂದು ಯಾವತ್ತೂ ಅಂದುಕೊಳ್ಳಲಿಲ್ಲ. “ಅವ್ಳು ನಮ್ಮಮ್ಮನ ಹತ್ರ ಮಾತು ಇಸ್ಕೊಂಡೋಗ್ತಾಳೆ” ಎಂದು ಒಮ್ಮೆ ನನಗೆ ವಿವರಿಸಿತ್ತು.

ಕಾಯಿಲೆಯ ಸುದ್ದಿಯನ್ನು ಗೆಳತಿ ನನಗೆ ಸ್ಟುಡಿಯೋದ ಮೆಟ್ಟಿಲ ಮೇಲೆ ಹೇಳಿದಳು. ಕೈಯಲ್ಲಿ ಟೀ ಲೋಟವಿತ್ತು. ಹೊಟ್ಟೆಯಲ್ಲಿ ಶುರುವಾದದ್ದು ಈಗ ಲಿವರಿಗೂ ಹೋಗಿದೆ ಎಂದಳು. ಕೂಡಲೇ ಮಾತು ಬದಲಿಸಿದಳು. “ಗಂಟಲಿಗೇನೂ ಆಗಿಲ್ವಂತೆ. ಸೀಸನ್ ಮುಗಿಸ್ಬಿಡ್ಬೋದು.”

ಆ ಸೀಸನ್ನಿನಲ್ಲಿ ಹಿಂದೆಂದೂ ಆಗದ ಒಂದು ಸಂಗತಿ ಆಗಿತ್ತು. ಖಳನೊಬ್ಬ ಹುಡುಗಿಯ ಬಲವನ್ನೆಲ್ಲ ಕಸಿದುಕೊಂಡು ಅವಳನ್ನು ಗಾಜಿನ ಬೆಟ್ಟದೊಳಗೆ ಕೂಡಿಹಾಕಿದ್ದ. ಅಲ್ಲಿಯವರೆಗಿನ ಕಂತುಗಳು ಪ್ರಸಾರವಾಗಿ, ಉಳಿದ ಹತ್ತು ಕಂತುಗಳು ದಸರಾ ರಜೆಯಲ್ಲಿ ಬರುತ್ತವೆ ಎಂದು ಚಾನೆಲ್ಲಿನವರು ಹೇಳಿದ್ದರು. ಗೆಳತಿಯ ಮಗಳು ದಿನಾ ಕೇಳತೊಡಗಿದಳು, ಅವಳು ಹೊರಗೆ ಬರ್ತಾಳಾ, ಹೇಗೆ ಬರ್ತಾಳೆ. ಅಮ್ಮ ಬಾಯಿ ಬಿಡಲಿಲ್ಲ.

ಆ ಹತ್ತು ಕಂತುಗಳನ್ನು ಬೇಸಿಗೆಯಲ್ಲಿ ರೆಕಾರ್ಡ್ ಮಾಡಿದೆವು. ಮೊದಲು ದಿನಕ್ಕೆ ಎರಡು ಕಂತು ಮುಗಿಸುತ್ತಿದ್ದವಳು ಈಗ ಎರಡೆರಡು ಸಾಲು ಹೇಳಿ ನೀರು ಕುಡಿಯುತ್ತಿದ್ದಳು. ಮೈಕಿನ ಮುಂದೆ ಕುರ್ಚಿ ಬಂತು. ಕುರ್ಚಿಯ ಮೇಲೆ ದಿಂಬು ಬಂತು. ತಲೆಯ ಮೇಲಿನ ದುಪಟ್ಟಾದ ಕೆಳಗೆ ಕೂದಲಿರಲಿಲ್ಲ. ಆದರೆ ಹೆಡ್‌ಫೋನಿನಲ್ಲಿ ನನಗೆ ಕೇಳಿಸುತ್ತಿದ್ದುದು ಮೊದಲಿನಷ್ಟೇ ಗಟ್ಟಿಯಾದ ಮಗುವಿನ ದನಿ. ಒಂದು ಮಧ್ಯಾಹ್ನ ಅನ್ನ ಕಲಸಿ ಕೊಟ್ಟರೆ ತಿನ್ನದೆ ಕೂತವಳು ಹೇಳಿದಳು:

“ನೋಡು, ಕೊನೇಗೆ ಏನಾಗುತ್ತೆ ಅಂತ ನನ್ ಮಗ್ಳಿಗೆ ಹೇಳ್ಬೇಡ. ಎಷ್ಟ್ ಕೇಳಿದ್ರೂ ಹೇಳ್ಬೇಡ.”

“ಯಾಕೆ? ಪಾಪ, ಮಗು ಒದ್ದಾಡ್ತಿದೆ.”

“ಒದ್ದಾಡ್ಲಿ. ಟಿವೀಲೇ ನೋಡ್ಲಿ. ದಸರಾಗೆ ನಾನಿರ್ತೀನೋ ಇಲ್ವೋ. ಹತ್ತು ದಿನ ಸಂಜೆ ಐದಕ್ಕೆ ಅವ್ಳಿಗೆ ನಾನು ಹೊಸದಾಗ್ ಸಿಗ್ತೀನಲ್ವಾ? ಹಳೇ ಎಪಿಸೋಡ್ ಅಲ್ಲ. ಅವ್ಳು ಯಾವತ್ತೂ ಕೇಳಿಲ್ದೆ ಇರೋದು.”

ನಾನು ಮಾತು ಕೊಟ್ಟೆ.

ಮಳೆ ಶುರುವಾದ ವಾರ ಅವಳು ಹೋದಳು. ಗಂಡಸರು ಅವಳನ್ನು ಹೊತ್ತುಕೊಂಡು ಗಲ್ಲಿಯ ತಿರುವು ದಾಟುವವರೆಗೂ ನಾವು ಹೆಂಗಸರು ಬಾಗಿಲಲ್ಲಿ ನಿಂತಿದ್ದೆವು. ಆಮೇಲೆ ಒಳಗೆ ಚಾಪೆಯ ಮೇಲೆ ಕೂತೆವು. ಯಾರೋ ಕುರಾನ್ ಓದುತ್ತಿದ್ದರು. ಆ ಮನೆಯಲ್ಲಿ ನನಗೆ ಪರಿಚಯದವರೆಂದರೆ ಮಗು ಮಾತ್ರ. ಅದು ನನ್ನ ಪಕ್ಕ ಬಂದು ಕೂತು ನನ್ನ ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತ ಕಿವಿಯಲ್ಲಿ ಕೇಳಿತು. “ಆಂಟಿ, ದಸರಾಗೆ ಇನ್ನೆಷ್ಟು ದಿನ?”

ದಸರಾ ಬಂತು. ಸಂಜೆ ಐದಕ್ಕೆ ಬೇರೇನೋ ಬಂತು. ಚಾನೆಲ್ಲಿನವರು ದೀಪಾವಳಿ ಎಂದರು, ಆಮೇಲೆ ಕ್ರಿಸ್‌ಮಸ್ ರಜೆ ಎಂದರು. ಜನವರಿಯಲ್ಲಿ ನಮ್ಮನ್ನೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂರಿಸಿ ಒಬ್ಬ ಅಧಿಕಾರಿ ಮಾತಾಡಿದ. ಒಳ್ಳೆಯ ಮನುಷ್ಯನೇ, ಸಿಟ್ಟಿಲ್ಲದೆ ವಿವರಿಸಿದ.

“ಚಿಕ್ ಮಕ್ಕಳ ಸೂಪರ್‌ಹೀರೋ ಅನ್ನೋ ಸ್ಲಾಟೇ ಕ್ಲೋಸ್ ಆಗ್ತಿದೆ ಮೇಡಂ. ಐದು ವರ್ಷದ ಮಗು ಈಗ ಅಣ್ಣನ ಜೊತೆ ಕೂತು ದೊಡ್ಡವರ ಫೈಟಿಂಗೇ ನೋಡುತ್ತೆ. ಇಲ್ಲಾಂದ್ರೆ ಫೋನಲ್ಲಿ ಅರ್ಧ ನಿಮಿಷದ ಕ್ಲಿಪ್ಪು. ಇಪ್ಪತ್ತು ನಿಮಿಷ ಕೂತು ಕತೆ ಕೇಳೋರಿಲ್ಲ. ಇನ್ಮುಂದೆ ಫ್ಯೂಚರ್ ಎಲ್ಲಾ ಟೀನೇಜ್ ಹೀರೋಗಳದ್ದು. ಸ್ವಲ್ಪ ಡಾರ್ಕ್, ಸ್ವಲ್ಪ ಬ್ಲಡ್.”

“ಸರ್, ಹುಡುಗಿ ಇನ್ನೂ ಗಾಜಿನ ಬೆಟ್ಟದೊಳಗೇ ಇದ್ದಾಳಲ್ಲ?” ಎಂದೆ.

“ಯಾವ ಹುಡುಗಿ?” ಎಂದು ಕೇಳಿದ.

ಅವನು ಹೇಳಿದ್ದು ಪೂರ್ತಿ ಸುಳ್ಳೆನ್ನಲಾರೆ. ಸಿ.ವಿ. ರಾಮನ್ ನಗರದಲ್ಲಿ ನಾನಿರುವ ಕಟ್ಟಡದಲ್ಲೇ, ಇನ್ನೂ ತೊದಲುವ ಮಕ್ಕಳು ಫೋನಿನಲ್ಲಿ ಕತ್ತು ಮುರಿಯುವ ಹೀರೋಗಳನ್ನು ನೋಡುತ್ತ ಊಟ ಮಾಡುತ್ತವೆ. ತಾಯಂದಿರನ್ನು ದೂರುವ ಹಕ್ಕು ನನಗಿಲ್ಲ. ಕೆಲಸಕ್ಕೆ ಓಡುವವರಿಗೆ ಮಗು ಒಂದು ಕಡೆ ಕೂತರೆ ಸಾಕಾಗಿರುತ್ತದೆ. ಆದರೂ ಹಲ್ಲಿಗೆ ಹೆದರುವ ಹೀರೋ ಒಬ್ಬಳು ಲೋಕದಲ್ಲಿ ಇದ್ದಾಳೆ ಎನ್ನುವುದು ಒಂದು ವಯಸ್ಸಿನಲ್ಲಿ ಎಷ್ಟು ಧೈರ್ಯ ಕೊಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡವಳು. ಆ ವಯಸ್ಸಿನವರಿಗೆ ಇನ್ನು ಯಾರೂ ಇಂಥ ಚಿತ್ರ ಮಾಡುವುದಿಲ್ಲ ಎಂಬುದನ್ನು ನಂಬಲು ನನಗೆ ಬಹಳ ದಿನ ಹಿಡಿಯಿತು.

ಪ್ರಸಾರ ಬೇಡ, ಆ ಕಂತುಗಳ ಒಂದು ಪ್ರತಿ ಕೊಡಿ ಎಂದು ಕೇಳಿದೆ. ನಮ್ಮ ಸೌಂಡ್ ಇಂಜಿನಿಯರ್ ತಲೆ ತಗ್ಗಿಸಿದ. ಮುಗಿದ ಕೆಲಸವನ್ನು ಕಳಿಸಿದ ಮೇಲೆ ನಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಅಳಿಸಬೇಕು. ಅದು ಒಪ್ಪಂದ. ಚಾನೆಲ್ಲಿಗೆ ಪತ್ರ ಬರೆದೆ. ಹಕ್ಕು ತಮ್ಮದಲ್ಲ ಎಂದರು. ಹಕ್ಕಿದ್ದ ಆ ದೂರದ ದೇಶದ ಕಂಪನಿಗೆ ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಬರೆದೆ, ತಾಯಿ, ಮಗಳು, ಕಾಯಿಲೆ, ಎಲ್ಲವನ್ನೂ. ತಿಂಗಳುಗಳಾದ ಮೇಲೆ ಮರ್ಯಾದೆಯ ಉತ್ತರ ಬಂತು. ಪ್ರಸಾರವಾಗದ ಭಾಷೆಗಳ ಧ್ವನಿಯನ್ನು ತಾವು ಉಳಿಸಿಕೊಳ್ಳುವುದಿಲ್ಲ, ಆದ ನಷ್ಟಕ್ಕೆ ವಿಷಾದವಿದೆ.

ಇಂಜಿನಿಯರ್ ಸುಮ್ಮನಿರಲಿಲ್ಲ. ಹಳೆಯ ಡಿಸ್ಕುಗಳನ್ನೆಲ್ಲ ಜಾಲಾಡಿ ಒಂದು ಬೆಳಗಿನ ತಿರಸ್ಕೃತ ಟೇಕುಗಳನ್ನು ಹುಡುಕಿ ತೆಗೆದ. ನಾವಿಬ್ಬರೂ ಕೂತು ಕೇಳಿದೆವು. ಅರ್ಧ ಸಾಲು, ಕೆಮ್ಮು, ಏದುಸಿರು, ನೀರಿನ ಬಾಟಲಿಯ ಸದ್ದು. “ಸಾರಿ, ಇನ್ನೊಂದ್ಸಲ.” ಮತ್ತೆ ಅರ್ಧ ಸಾಲು. ಒಮ್ಮೆ ನೋವಿಗೆ ಅವಳು ತನ್ನ ಭಾಷೆಯಲ್ಲಿ ಅಮ್ಮನನ್ನು ಕರೆದದ್ದೂ ಅದರಲ್ಲಿತ್ತು. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶಿವಾಜಿನಗರಕ್ಕೆ ಹೋಗಿ ಅವಳ ಗಂಡನಿಗೆ ಕೊಟ್ಟೆ. ಅಂಗಡಿಯ ಹಿಂದೆ ನಿಂತು ನನ್ನ ಫೋನಿನಲ್ಲೇ ಸ್ವಲ್ಪ ಕೇಳಿದವನು ಇಯರ್‌ಫೋನ್ ತೆಗೆದು ಕೈಗಿಟ್ಟ.

“ಇದು ಬ್ಯಾಡ ಮೇಡಂ. ಇದ್ರಲ್ಲಿ ಅವ್ಳಿಗೆ ನೋವಾಯ್ತಾ ಇದೆ. ಮಗು ಕೇಳ್ಬಾರ್ದು.” ಸ್ವಲ್ಪ ಹೊತ್ತು ಬಟ್ಟೆಯ ಅಂಚು ಮಡಿಸುತ್ತಿದ್ದು ಮತ್ತೆ ಹೇಳಿದ, “ಮಗ್ಳು ಇನ್ನೂ ಐದ್ ಗಂಟೆಗೆ ಟಿವಿ ಹಾಕ್ತಾಳೆ. ನಾನು ಏನೂ ಹೇಳಿಲ್ಲ. ನೀವೇ ಹೇಳ್ಬಿಡಿ.”

ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಹಲಸೂರು ಕೆರೆಗೆ ಕರೆದುಕೊಂಡು ಹೋದೆ. ಕಲ್ಲು ಬೆಂಚಿನ ಮೇಲೆ ಕೂತೆವು. ಅವಳಿಗಾಗಲೇ ಏಳು ದಾಟಿತ್ತು, ಮುಂದಿನ ಎರಡು ಹಲ್ಲು ಹೊಸದಾಗಿ ಬಂದಿದ್ದವು. ಆ ಕಾರ್ಟೂನ್ ಇನ್ನು ಬರುವುದಿಲ್ಲ, ಅದಕ್ಕೆ ಅಮ್ಮ ಮಾತಾಡಿದ್ದನ್ನೂ ಅಳಿಸಿಬಿಟ್ಟಿದ್ದಾರೆ ಎಂದೆ. ಅವಳು ಅಳಲಿಲ್ಲ.

“ನೀವೇ ಬರ್ದಿದ್ದಲ್ವಾ ಆಂಟಿ? ಹಾಗಿದ್ರೆ ನೀವ್ ಹೇಳಿ. ಹೊರಗ್ ಬರ್ತಾಳಾ?”

ಸತ್ತವಳಿಗೆ ಕೊಟ್ಟ ಮಾತು, ಬದುಕಿರುವವಳ ಮುಖ. ಚೀಲದಲ್ಲಿ ಆ ಕಂತುಗಳಿಗೆ ನಾನು ಮಾತು ಬರೆದ ಹಾಳೆಗಳಿದ್ದವು. ತೆಗೆದು ಓದಿದೆ. ಹತ್ತು ಕಂತುಗಳಲ್ಲಿ ಏನೇನಾಯಿತೆಂದು ಹೇಳುತ್ತ, ಮುಖ್ಯವಾದ ಮಾತುಗಳನ್ನು ಮಾತ್ರ ಹಾಳೆ ನೋಡಿ ಓದುತ್ತ ಹೋದೆ. ಊರಿನ ಮಕ್ಕಳೆಲ್ಲ ಮನೆಯಿಂದ ಚಮಚ ತಂದು ಬೆಟ್ಟದ ಬುಡದ ಮಣ್ಣು ಕೆದಕುತ್ತಾರೆ. ಒಳಗೆ ಹುಡುಗಿಯ ಜೊತೆ ಒಂದು ಹಲ್ಲಿಯೂ ಸಿಕ್ಕಿಬಿದ್ದಿರುತ್ತದೆ. ಮೊದಲು ಹೆದರುತ್ತಾಳೆ, ಬೇರೆ ಯಾರೂ ಇಲ್ಲದ್ದರಿಂದ ಅದರೊಂದಿಗೇ ಮಾತಾಡುತ್ತಾಳೆ. ಕಳೆದುಹೋದ ಬಲ ಮರಳುವುದೇ ಇಲ್ಲ. ಮಕ್ಕಳು ಕೊರೆದ ಸಣ್ಣ ಸುರಂಗದಲ್ಲಿ ತೆವಳಿ ಹೊರಗೆ ಬರುತ್ತಾಳೆ. ಬಂದವಳು ತಿರುಗಿ ಹಲ್ಲಿಗೆ ಕೈ ಚಾಚಿ “ಬಾ, ಮನೆಗೆ ಹೋಗೋಣ” ಎನ್ನುತ್ತಾಳೆ. ಅದೇ ಕೊನೆಯ ಸಾಲು.

ಓದುವಾಗ ನನ್ನ ದನಿ ನನಗೇ ಒಣಗಿದಂತೆ ಕೇಳುತ್ತಿತ್ತು. ಗೆಳತಿ ಎಲ್ಲಿ ಉಸಿರು ತೆಗೆದಿದ್ದಳು, ಎಲ್ಲಿ ನಕ್ಕಿದ್ದಳು ಎಂಬುದೆಲ್ಲ ನೆನಪಿತ್ತು. ಒಂದನ್ನೂ ಮಾಡಿ ತೋರಿಸಲು ಬರಲಿಲ್ಲ.

ಮಗು ಕೇಳಿತು, “ಇದನ್ನ ಹೇಳ್ವಾಗ ಅಮ್ಮ ನಿಂತಿದ್ರಾ, ಕೂತಿದ್ರಾ?”

“ಯಾಕಮ್ಮ?”

“ಮನೇಲಿ ಪ್ರಾಕ್ಟೀಸ್ ಮಾಡ್ವಾಗ ನಿಂತ್ಕೊಂಡೇ ಮಾಡ್ತಿದ್ರು. ಆಮೇಲಾಮೇಲೆ ಮಲ್ಕೊಂಡು ಮಾಡ್ತಿದ್ರು.”

“ಕೂತಿದ್ರು. ಆದ್ರೆ ಕೊನೇ ಸಾಲಿಗೆ ಎದ್ದು ನಿಂತ್ರು. ನಾವೆಲ್ಲ ಬೇಡ ಅಂದ್ವಿ, ಕೇಳಲಿಲ್ಲ. ಮೈಕ್ ಮೇಲಕ್ಕೆತ್ತಿಸ್ಕೊಂಡ್ರು. ಎರಡು ಸಲ ಹೇಳಿದ್ರು. ಎರಡನೇದು ತುಂಬಾ ಚೆನ್ನಾಗಿ ಬಂತು.”

ಅದು ನಿಜ. ನಾನು ಅವಳಿಗೆ ಕೊಡಬಹುದಾಗಿದ್ದುದು ಅಷ್ಟೇ ಆಗಿತ್ತು.

“ಮತ್ತೆ ಅದನ್ನ ಯಾಕ್ ಬಿಸಾಕಿದ್ರು?” ಎಂದಳು.

ಒಪ್ಪಂದ, ಹಕ್ಕು, ಸ್ಲಾಟು, ಯಾವ ಪದವೂ ಆ ಬೆಂಚಿನ ಮೇಲೆ ಇಡುವಂಥದ್ದಾಗಿರಲಿಲ್ಲ. ನನಗೆ ಅಳು ಬಂತು. ಅವಳು ತನ್ನ ಪುಟ್ಟ ಕರ್ಚೀಫು ಕೊಟ್ಟಳು. ಆಮೇಲೆ ಮಸೀದಿ ರಸ್ತೆಯಲ್ಲಿ ಇಬ್ಬರೂ ಸಮೋಸಾ ತಿಂದೆವು. ಮನೆ ತಲುಪಿದಾಗ ಹಾಳೆಗಳನ್ನು ತಾನೇ ಇಟ್ಟುಕೊಳ್ಳುವುದಾಗಿ ಹೇಳಿ ಇಸಿದುಕೊಂಡಳು.

ನಾನೀಗ ದೊಡ್ಡ ಹುಡುಗರ ಸೂಪರ್‌ಹೀರೋ ಒಬ್ಬನಿಗೆ ಬರೆಯುತ್ತೇನೆ. ಬೇರೆ ಕೆಲಸ ನನಗೆ ಬರುವುದಿಲ್ಲ. ಅವನು ಹೆಚ್ಚು ಮಾತಾಡುವವನಲ್ಲ. ಮುಖವಾಡ ಹಾಕಿರುವುದರಿಂದ ತುಟಿ ಹೊಂದಿಸುವ ಕಷ್ಟವೂ ಇಲ್ಲ.

ಗೆಳತಿಯ ಗಂಡ ಮರುವರ್ಷ ಮಗಳನ್ನು ಕರೆದುಕೊಂಡು ಗಡಿಯಾಚೆಯ ಆಂಬೂರಿನ ತನ್ನ ಅಕ್ಕನ ಮನೆಗೆ ಹೋಗಿಬಿಟ್ಟ. ಮಗುವನ್ನು ನೋಡಿಕೊಳ್ಳಲು ಇಲ್ಲಿ ಯಾರೂ ಇರಲಿಲ್ಲ. ಕಳೆದ ತಿಂಗಳು ಫೋನ್ ಮಾಡಿ ಅವಳ ಕೈಗೆ ಕೊಟ್ಟ. ಹೊಸ ಶಾಲೆಯಲ್ಲಿ ತಮಿಳು ಕಲಿಯಬೇಕಂತೆ, ಸೈಕಲ್ ಬಂದಿದೆಯಂತೆ, ಅತ್ತೆಯ ಮಗಳು ಅದನ್ನು ಕೇಳದೆ ಒಯ್ಯುತ್ತಾಳಂತೆ. ಕನ್ನಡ ಆಗಲೇ ಅಲ್ಲಲ್ಲಿ ತಡೆಯುತ್ತಿತ್ತು, ಪದ ಸಿಗದ ಕಡೆ ದಖ್ಖನಿ ಹಾಕಿ ಮುಂದೆ ಹೋಗುತ್ತಿದ್ದಳು. ದನಿ ತಾಯಿಯದಲ್ಲ, ತಂದೆಯ ಕಡೆಯದು, ಸ್ವಲ್ಪ ದಪ್ಪ. ಕಾರ್ಟೂನಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. “ಸರಿ ಆಂಟಿ, ಇಡ್ತೀನಿ, ಸೈಕಲ್ ತಗೊಂಡೋಗ್ಬಿಡ್ತಾಳೆ ಅವ್ಳು” ಎಂದು ಫೋನನ್ನು ಅಪ್ಪನಿಗೆ ಕೊಡುವುದನ್ನೂ ಮರೆತು ಎಲ್ಲೋ ಇಟ್ಟು ಓಡಿದಳು. ಅವಳ ಚಪ್ಪಲಿಯ ಸದ್ದು, ಯಾರೋ ಬಾಗಿಲು ಹಾಕಿದ ಸದ್ದು ಕೇಳಿಸಿತು. ಯಾರಾದರೂ ಬಂದು ಎತ್ತಿಕೊಳ್ಳಬಹುದೆಂದು ನಾನು ಸ್ವಲ್ಪ ಹೊತ್ತು ಫೋನ್ ಕಿವಿಗಿಟ್ಟುಕೊಂಡೇ ಕೂತಿದ್ದೆ.