ಅಟ್ಟದ ಮೇಲಿನ ಕೈಮೂಳೆ

ಮೊಣಕೈಯಿಂದ ಮಣಿಕಟ್ಟಿನವರೆಗೆ ಅವರ ತೋಳು ಹುರಿಗೊಳಿಸಿದ ನಾರಿನ ಹಗ್ಗದಂತಿತ್ತು. ನೆಲದಲ್ಲಿ ನೆಟ್ಟ ಹಾರೆಯ ಮೊನೆಗೆ ತೆಂಗಿನಕಾಯಿ ಒತ್ತಿ ತಿರುವಿದರೆ ಆ ಹಗ್ಗ ಚರ್ಮದಡಿ ಜೀವ ಬಂದಂತೆ ಸರಿದಾಡುತ್ತಿತ್ತು. ಮೂರೇ ತಿರುವು, ಮಟ್ಟೆ ಬೇರೆ, ಕಾಯಿ ಬೇರೆ. ಹೊನ್ನವಳ್ಳಿಯ ನಮ್ಮ ಮನೆಗೆ ಕಾಯಿ ಸುಲಿಯಲು ಬರುತ್ತಿದ್ದ ಅವರನ್ನು ನಾವು ಸುಲಿಯೋ ತಾತ ಎನ್ನುತ್ತಿದ್ದೆವು. ಅರವತ್ತು ದಾಟಿದ್ದರೂ ದಣಿದದ್ದನ್ನು ನಾನು ಕಂಡಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ರಜೆ. ಫಸ್ಟ್ ಎಂಬಿಬಿಎಸ್‌ನ ಅನಾಟಮಿಯಲ್ಲಿ ಫೇಲಾಗಿ ಬಂದಿದ್ದೆ. ಸ್ಕ್ರೂ ಬಿಗಿ ಮಾಡುವಾಗ ಬಲಗೈಯನ್ನು ತಿರುಗಿಸುವ ದೊಡ್ಡ ಸ್ನಾಯು ಯಾವುದು ಎಂದು ವೈವಾದಲ್ಲಿ ಕೇಳಿದ್ದರು. ಕಾನ್ವೆಂಟ್ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದೆ. ಉತ್ತರ ಮಾತ್ರ ಅದರಲ್ಲಿರಲಿಲ್ಲ. "ಇನ್ನೊಂದೇ ಛಾನ್ಸು ಕಣೇ. ಆಗ್ದಿದ್ರೆ ಗಂಡು ನೋಡ್ತೀನಿ" ಎಂದರು ಅಪ್ಪ.

ಸೀನಿಯರ್ ಒಬ್ಬಳು ಓದಿಗೆಂದು ಕೊಟ್ಟ ನಿಜವಾದ ಕೈಮೂಳೆಗಳು ನನ್ನ ಜೊತೆಗಿದ್ದವು. ಅಮ್ಮನಿಗೆ ತಿಳಿದರೆ ಮೂಳೆಯ ಜೊತೆ ನನ್ನನ್ನೂ ಹೊರಗೆ ಹಾಕುತ್ತಿದ್ದಳು. ಬಟ್ಟೆಚೀಲದಲ್ಲಿ ಕಟ್ಟಿ, ಕೊಬ್ಬರಿಯಾಗಲೆಂದು ವರ್ಷದಿಂದ ಕಾಯಿ ಹರಡಿದ್ದ ಅಟ್ಟದಲ್ಲಿ ಬಚ್ಚಿಟ್ಟೆ. ಆ ವಾರವೇ ಅಟ್ಟದ ಕಾಯಿ ಇಳಿಸಲು ತಾತ ಬರುತ್ತಾರೆಂಬುದು ನನಗೆ ಹೊಳೆಯಲೇ ಇಲ್ಲ.

ತಾತ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡ ಲೊಟಲೊಟ ಸದ್ದು ಕೇಳಿ ಇಳಿಸುತ್ತಿದ್ದರು. ಅದೇ ಅಭ್ಯಾಸಬಲದಿಂದ ನನ್ನ ಚೀಲವನ್ನೂ ಅಲ್ಲಾಡಿಸಿದರು.

"ಇದ್ಯಾವ ಕಾಯವ್ವಾ, ಸದ್ದೇ ಬ್ಯಾರೆ ಐತಲ್ಲಾ?"

ಓಡಿಹೋಗಿ ಏಣಿ ಹತ್ತಿದೆ. ಅಷ್ಟರಲ್ಲಿ ಚೀಲ ಬಿಚ್ಚಿದ್ದರು. ಕೂಗಲಿಲ್ಲ. ಮೆಲ್ಲಗೆ, "ಇದು ಯಾರವ್ವಾ?" ಎಂದರು.

ಯಾವ ಮೂಳೆ ಎಂದಲ್ಲ, ಯಾರು ಎಂದು. ನಮ್ಮ ಕಾಲೇಜಿನಲ್ಲಿ ಯಾರೂ ಕೇಳಿರದ ಪ್ರಶ್ನೆ.

"ಗೊತ್ತಿಲ್ಲ ತಾತ."

"ಗೊತ್ತಿಲ್ದೇನೇ ಅಟ್ಟ ಹತ್ಸಿದ್ದೀಯಾ?" ಎನ್ನುತ್ತ ಒಂದನ್ನು ಕಣ್ಣಿಗೊತ್ತಿಕೊಂಡರು. ಅದು ರೇಡಿಯಸ್, ಹೆಬ್ಬೆರಳ ಕಡೆಯ ಮೂಳೆ. ಅದರ ಮೇಲ್ತುದಿಯ ಬಳಿಯ ಒರಟು ಗಂಟನ್ನು ಬೆರಳಿನಿಂದ ಸವರಿ, "ದುಡಿದ ಕೈ ಕಣವ್ವಾ. ಎಳೆದೂ ಎಳೆದೂ ಗಂಟು ಬಿದ್ದೈತೆ" ಎಂದರು.

ನನ್ನ ಕಷ್ಟ ಹೇಳಿಕೊಂಡೆ. ಜೋರಾಗಿ ನಕ್ಕು, ಮೊಣಕೈ ಮಡಿಸಿ, ನನ್ನ ಕೈಯನ್ನು ತಮ್ಮ ರಟ್ಟೆಯ ಮೇಲಿಟ್ಟುಕೊಂಡರು. "ಈಗ ನೋಡು." ಕವುಚಿದ್ದ ಅಂಗೈಯನ್ನು ಮೇಲಕ್ಕೆ ತಿರುಗಿಸಿದರು. ಮೊಣಕೈ ಅಲುಗಲಿಲ್ಲ, ನನ್ನ ಅಂಗೈಯಡಿ ರಟ್ಟೆ ಮೀನಿನಂತೆ ಪುಟಿಯಿತು. ಬೈಸೆಪ್ಸ್! ಅದು ಕೈ ಮಡಿಸಲಿಕ್ಕೆ ಮಾತ್ರ ಎಂದುಕೊಂಡಿದ್ದೆ. ತಾತ ಸವರಿದ ಆ ಗಂಟಿಗೆ ಅಂಟಿ ಎಳೆಯುವುದೂ ಇದೇ.

"ಒಂದು ಮೂಳೆ ಕುಂತಿರ್ತೈತೆ, ಇನ್ನೊಂದು ಅದ್ರ ಮ್ಯಾಲೆ ಹೊರಳ್ತೈತೆ. ಇಷ್ಟಕ್ಕೆ ಫೇಲ್ ಮಾಡಿದ್ರಾ? ಬುಡು, ಆ ಮೇಷ್ಟ್ರನ್ನ ಇಲ್ಲಿಗೇ ಕಳ್ಸು, ಎರಡು ಕಾಯಿ ಸುಲಿಸ್ತೀನಿ."

ನನ್ನ ಟೆಕ್ಸ್ಟ್‌ಬುಕ್ಕಿನ ಎಷ್ಟೋ ಪುಟಗಳು ಆ ಒಂದು ಮಾತಿನಲ್ಲಿದ್ದವು.

ಮುಂದಿನ ಸಲ ಅದೇ ಎಕ್ಸಾಮಿನರ್, ಅದೇ ಪ್ರಶ್ನೆ. ಮೊಣಕೈ ಮಡಿಸಿ ಅಂಗೈ ತಿರುಗಿಸಿ, "ಬೈಸೆಪ್ಸ್, ಸರ್. ಮುಟ್ಟಿ ನೋಡಿದ್ದೇನೆ" ಎಂದೆ. ಯಾರು ಹೇಳಿಕೊಟ್ಟರು ಎಂದು ಕೇಳಿದರು. "ನಮ್ಮ ಕಾಯಿ ಸುಲಿಯೋ ತಾತ, ಸರ್." ಅವರು ನಗಲಿಲ್ಲ. ಪಾಸಾದೆ.

ನಾನು ತಿಪಟೂರಿನಲ್ಲಿ ಡಾಕ್ಟರಾಗಿ ಕೂತ ಮೇಲೆ ಒಂದು ಬೆಳಿಗ್ಗೆ ತಾತ ಹೋದರೆಂದು ಸುದ್ದಿ ಬಂತು. ಹೋಗಿ ಪಕ್ಕದಲ್ಲಿ ಕೂತೆ. ಕವುಚಿದ್ದ ಆ ಬಲಗೈಯನ್ನು ಒಮ್ಮೆ ಮೇಲ್ಮುಖ ಮಾಡೋಣವೆಂದು ಹಿಡಿದೆ. ಆಗಲೇ ಸೆಟೆದಿತ್ತು. ಜನ್ಮವೆಲ್ಲ ತಿರುವಿದ ಕೈ, ನನಗೆ ತಿರುಗಲಿಲ್ಲ. ಅವರನ್ನು ಅವರ ಹೊಲದ ಬದುವಿನಲ್ಲೇ ಮಣ್ಣು ಮಾಡಿದರು.

ಈಗಲೂ ಬೀಗ ತೆರೆಯುವಾಗ ನನ್ನ ಮುದಿ ರಟ್ಟೆ ಒಮ್ಮೆ ಬಿಗಿಯುತ್ತದೆ, ಆ ಅಟ್ಟ ನೆನಪಾಗುತ್ತದೆ. ಹೊನ್ನವಳ್ಳಿಯ ಮಣ್ಣಿನಲ್ಲಿ ದೊಡ್ಡ ಗಂಟಿರುವ ಒಂದು ಮೂಳೆ ಇದೆ. ಎಂದಾದರೂ ಯಾರ ಕೈಗಾದರೂ ಸಿಕ್ಕರೆ, ಅವರೂ ಮೊದಲು ಇದು ಯಾರು ಎಂದೇ ಕೇಳಲಿ.