ಚಂದ್ರನಿಗೂ ಬಂದಿದ್ದ ರೋಗ

ಗಂಡ ತೀರಿಕೊಂಡ ಮೇಲೆ ಬಸವಣ್ಣೆವ್ವ ಗೋಕಾಕ ಬಿಟ್ಟು ಪುಣೆಯ ರಾಸ್ತಾ ಪೇಟೆಗೆ ಬಂದದ್ದು ಒಬ್ಬನೇ ಮಗ ಈರಬಸಪ್ಪನನ್ನು ಕಂಕುಳಲ್ಲಿ ಎತ್ತಿಕೊಂಡು. ಹಪ್ಪಳ ಲಟ್ಟಿಸಿ, ಮಂದಿಯ ಮನೆಯಲ್ಲಿ ರೊಟ್ಟಿ ಬಡಿದು ಅವನನ್ನು ಓದಿಸಿದಳು. ಜರ್ಮನಿಯ ಯುದ್ಧ ಮುಗಿದ ಹೊಸತರಲ್ಲಿ ಅವನು ಲಷ್ಕರಿನ ಕಚೇರಿಯಲ್ಲಿ ಗುಮಾಸ್ತನಾದ. ಕಲ್ಲವ್ವ ಎಂಬ ಸೊಸೆಯೂ ಬಂದಳು. ಇನ್ನೇನು ಕಾಲು ಚಾಚಿ ಕೂಡಬೇಕು ಅನ್ನುವಷ್ಟರಲ್ಲಿ ಈರಬಸಪ್ಪನ ಕೆಮ್ಮಿನಲ್ಲಿ ರಕ್ತ ಬಿತ್ತು.

ಡಾಕ್ಟರು ನೋಡಿ ಕ್ಷಯ ಎಂದರು. ಹಾಸಿಗೆ, ತಾಟು, ಲೋಟ ಎಲ್ಲ ಬೇರೆ ಇಡಿ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದರು. ಬಸವಣ್ಣೆವ್ವನಿಗೆ ಅದೆಲ್ಲ ಚೆನ್ನಾಗಿಯೇ ತಿಳಿಯಿತು. ಆ ಎರಡಕ್ಷರದ ಹೆಸರು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮಠದಲ್ಲಿ ಪುರಾಣ ಓದುತ್ತಿದ್ದ ಶಿವಪುತ್ರಪ್ಪನ ಹತ್ತಿರ ಹೋಗಿ ಅದರ ಅರ್ಥ ಕೇಳಿದಳು.

“ಕ್ಷಯ ಅಂದರ ಕರಗೂದು, ತಂಗಿ,” ಎಂದ ಅವನು. “ಮೊದಲ ಈ ರೋಗ ಬಂದದ್ದು ಚಂದ್ರಗ. ಇಪ್ಪತ್ತೇಳು ಹೆಂಡರೊಳಗ ರೋಹಿಣಿ ಒಬ್ಬಾಕಿನ್ನ ಬಿಟ್ಟು ಅಂವ ಏಳಲಿಲ್ಲ. ಮಾವ ಸಿಟ್ಟಾಗಿ ಶಾಪ ಕೊಟ್ಟ, ಅಂವ ಕರಗಾಕ ಹತ್ತಿದ. ಶಿವ ತಲಿಮ್ಯಾಲೆ ಇಟಗೊಂಡ, ಅದಕ್ಕ ಮತ್ತ ತುಂಬತಾನ.” ಆಮೇಲೆ, “ಸಂಸ್ಕೃತದಾಗ ಕ್ಷಯ ಅಂದರ ಮನಿ ಅಂತನೂ ಅರ್ಥ ಅದ” ಎಂದ. ಆ ಮಾತು ಕೇಳಲು ಬಸವಣ್ಣೆವ್ವ ಅಲ್ಲಿ ನಿಂತಿರಲಿಲ್ಲ.

ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಹೆಂಡತಿಯ ಮೇಲಿನ ಅತಿ ಮೋಹಕ್ಕೆ ಬಂದ ರೋಗ! ಅಂದೇ ಕಲ್ಲವ್ವನ ಹಾಸಿಗೆ ಅಡುಗೆಮನೆ ಸೇರಿತು. ಮಗನ ಲೋಟವೂ ಬೇರೆಯಾಯಿತು. ತಾಟಿನ ಸರದಿ ಬಂದಾಗ ಮಾತ್ರ ಅವಳ ಕೈ ಹಿಂಜರಿಯಿತು.

ಗಂಡ ಉಂಡ ತಾಟಿನಲ್ಲೇ ಹೆಂಡತಿ ಉಣ್ಣುವುದು ಅವರ ಮನೆಯ ನಡಾವಳಿ. ಬೇರೆ ತಾಟು ವಿಧವೆಗೆ. ಗಂಡ ಸತ್ತ ಮೇಲೆ ಬಸವಣ್ಣೆವ್ವನ ಮುಂದೆಯೂ ಅವಳ ಅತ್ತೆ ಹಾಗೆ ಒಂದು ತಾಟು ತಂದಿಟ್ಟಿದ್ದಳು. ಆ ಸಪ್ಪಳ ಇಂದಿಗೂ ಕಿವಿಯಲ್ಲಿತ್ತು. ಮಗ ಉಸಿರಾಡುತ್ತಿರುವಾಗ ಸೊಸೆಗೆ ಬೇರೆ ತಾಟು ಇಡುವುದೆಂದರೆ ಸಾವನ್ನು ಕರೆದು ಮಣೆ ಹಾಕಿದಂತೆ. ಡಾಕ್ಟರಿಗೇನು, ಹೇಳಿ ಹೋಗುತ್ತಾರೆ.

ಹೀಗಾಗಿ ಈರಬಸಪ್ಪ ಕೆಮ್ಮುತ್ತ ಉಂಡು ಅರ್ಧ ಬಿಟ್ಟು ಎದ್ದರೆ ಕಲ್ಲವ್ವ ಅದೇ ತಾಟಿನ ಮುಂದೆ ಕೂಡುತ್ತಿದ್ದಳು. ಒಮ್ಮೆ ಅಂಜುತ್ತಲೇ ಕೇಳಿದಳು: “ಅತ್ತೀ, ಡಾಕ್ಟರು ಬ್ಯಾರೆ ತಾಟು ಅಂದಿದ್ದರಲ್ರಿ.”

“ಹಣಿಮ್ಯಾಲಿನ ಕುಂಕುಮ ಭಾರ ಆಗೇದೇನು ನಿನಗ?”

ಕಲ್ಲವ್ವ ಗಂಡನ ತಾಟನ್ನು ಹತ್ತಿರ ಎಳೆದುಕೊಂಡಳು.

ಸಂಜೆ ಅಂಗಳದಲ್ಲಿ ನಿಂತು ಬಸವಣ್ಣೆವ್ವ ಚಂದ್ರನನ್ನು ನೋಡುತ್ತಿದ್ದಳು. ಅವನು ತುಂಬುತ್ತಿದ್ದ. ಮಗನೂ ತುಂಬಿದ. ಜ್ವರ ಬಿಟ್ಟಿತು, ಕೆನ್ನೆಗೆ ಮಾಂಸ ಬಂತು, ಚಳಿಗಾಲ ಕಳೆಯುವಷ್ಟರಲ್ಲಿ ಕಚೇರಿಗೆ ಹೊರಟ. ಮುದುಕಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಮಗನನ್ನು ಗೆದ್ದುಕೊಂಡ ಹೆಮ್ಮೆ ಅವಳಿಗೆ, ಪಾಪ.

ಅದೇ ಮಧ್ಯಾಹ್ನ ನಳದ ಹತ್ತಿರ ತಾಟು ತೊಳೆಯುತ್ತಿದ್ದ ಕಲ್ಲವ್ವ ಕೆಮ್ಮಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡವಳು ಆ ಸೆರಗನ್ನು ಗಡಬಡಿಸಿ ನೀರಿಗೆ ಹಿಡಿದಳು. ನೀರು ಕೆಂಪಾಗಿ ಮೋರಿಗೆ ಹರಿಯಿತು. ಬಾಗಿಲಲ್ಲಿ ನಿಂತಿದ್ದ ಬಸವಣ್ಣೆವ್ವ ಅದನ್ನು ಕಂಡಳು.

ಸಂಜೆ ಈರಬಸಪ್ಪ ಉಂಡೆದ್ದ. ಕಲ್ಲವ್ವ ಅವನ ತಾಟಿಗೆ ಕೈ ಚಾಚಿದಳು. ಅತ್ತೆ ಅದನ್ನು ಸರಿಸಿ, ಬೇರೊಂದು ತಾಟು ತಂದು ಅವಳ ಮುಂದಿಟ್ಟಳು.

“ಅವರು ಚಲೋ ಅದಾರಲ್ರಿ, ಅತ್ತೀ,” ಎಂದಳು ಕಲ್ಲವ್ವ. “ನನಗ್ಯಾಕ ಬ್ಯಾರೆ ತಾಟು?”

ಬಸವಣ್ಣೆವ್ವ ಅವಳ ಪಕ್ಕದಲ್ಲಿ ಕೂತಳು. ಅನ್ನ ಕಲಸಿ, ಮೊದಲ ತುತ್ತನ್ನು ತಾನೇ ಸೊಸೆಯ ಬಾಯಿಗಿಟ್ಟಳು.